ನಾಲ್ಕು ತಾಲ್ಲೂಕು, ಎರಡು ದಿನ, ಒಂದು ಹರಕೆ

ಮದ್ದೂರಿನ ನಮ್ಮ ಮನೆಯಿಂದ ಎರಡು ದಿನದ ಮಟ್ಟಿಗೆ ಹೊರಡುವುದೆಂದರೆ ಸುಮ್ಮನಲ್ಲ. ಹಾಲಿನವನಿಗೆ ಹೇಳಬೇಕು, ಹಿಟ್ಟು ರುಬ್ಬಿಡಬೇಕು, ನಮ್ಮ ಯಜಮಾನರಿಗೆ ಸಾರಿನಪುಡಿ ಡಬ್ಬಿ ಎಲ್ಲಿದೆ ಎಂದು ತೋರಿಸಿ ಹೋಗಬೇಕು. ಆದರೂ ಹೋದ ವರ್ಷ ಸಂಕ್ರಾಂತಿ ಕಳೆದ ವಾರ ನಮ್ಮತ್ತೆ, "ನಿಮಿಷಾಂಬಂಗೂ ಚೆಲುವರಾಯಸ್ವಾಮಿಗೂ ಕೈ ಮುಗ್ದು ಬರಾನ ನಡೀರಿ" ಎಂದಾಗ ನಾನು ಮರುಮಾತಾಡದೆ ಒಪ್ಪಿಕೊಂಡೆ. ಕೆ.ಆರ್. ಪೇಟೆ ಕಡೆ ನನ್ನ ತವರಿನಲ್ಲಿ ಒಂದು ರಾತ್ರಿ ಇರಬಹುದಲ್ಲ ಎಂಬ ಆಸೆ ನನಗೆ. ಅತ್ತೆಯ ಉದ್ದೇಶ ಮಾತ್ರ ಬೇರೆ ಇತ್ತು.

ನನ್ನ ಓರಗಿತ್ತಿಗೆ ಆಗ ಐದನೇ ತಿಂಗಳು. ಮನೆಯಲ್ಲಿ ಅವಳಿಗೆ ಇಬ್ಬರು ಹೆಣ್ಣುಮಕ್ಕಳು. "ಈ ಸಲವಾದ್ರೂ ವಂಶ ಬೆಳಗೋನು ಬರ್ಲಿ" ಎಂದು ಹರಕೆ ಹೊರುವುದು ಅತ್ತೆಯ ಲೆಕ್ಕ. ಹರಕೆಯಷ್ಟೇ ಆಗಿದ್ದರೆ ನಾನು ಇದನ್ನು ಬರೆಯುತ್ತಲೂ ಇರಲಿಲ್ಲ. ಹೊರಡುವ ಹಿಂದಿನ ರಾತ್ರಿ ಓರಗಿತ್ತಿ ಅಡುಗೆಮನೆಗೆ ಬಂದು, "ಅಕ್ಕ, ಯಾರೋ ನೆಂಟರು ಅತ್ತೆಗೆ ಫೋನ್ ಮಾಡಿದ್ರು. ಒಳಗಿರೋದು ಏನು ಅಂತ ನೋಡಿ ಹೇಳೋರು ಇದ್ದಾರಂತೆ. ಹೋಗಿ ಬಂದ ಮೇಲೆ ಯೋಚನೆ ಮಾಡಾಣ ಅಂದ್ರು" ಎಂದಳು. ಕೊತ್ತಂಬರಿ ಸೋಸುತ್ತಿದ್ದ ನನ್ನ ಕೈ ಅಲ್ಲೇ ನಿಂತಿತು.

ನಮ್ಮ ಜೊತೆಗೆ ಇನ್ನೊಬ್ಬ ಬಂದ. ನನ್ನ ನಾದಿನಿಯ ಮಗ. ಜರ್ಮನಿಯ ಲೈಪ್ಜಿಗ್ ಎಂಬ ಊರಿನಲ್ಲಿ ಕೆಲಸದಲ್ಲಿದ್ದಾನೆ, ರಜೆಗೆ ಬಂದಿದ್ದ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ನಾವು ಮೂವರು ಹೆಂಗಸರಿಗೂ ಬಸ್ಸಿನಲ್ಲಿ ದುಡ್ಡಿಲ್ಲದ ಚೀಟಿ. ಅವನೊಬ್ಬನೇ ಜೇಬಿಗೆ ಕೈ ಹಾಕಬೇಕಾಯಿತು. "ನೋಡ್ಲಾ, ಗಂಡಾಗಿ ಹುಟ್ಟಿದ್ದಕ್ಕೆ ತೆರಿಗೆ" ಎಂದು ಅತ್ತೆ ನಕ್ಕರು. ಬೆಳಗಿನ ಬಸ್ಸು ಮಂಡ್ಯ ದಾಟುವವರೆಗೂ ಎಲ್ಲರೂ ನಗುತ್ತಲೇ ಇದ್ದೆವು.

ಗಂಜಾಮಿನ ಮೆಟ್ಟಿಲ ಮೇಲೆ

ಶ್ರೀರಂಗಪಟ್ಟಣದಲ್ಲಿ ಇಳಿದು ಆಟೋದಲ್ಲಿ ಗಂಜಾಮಿಗೆ ಹೋದೆವು. ಕಾವೇರಿಯ ದಡದಲ್ಲಿ ನಿಮಿಷಾಂಬೆಯ ಗುಡಿ. ನಂಬಿ ಬಂದವರ ಕೋರಿಕೆಯನ್ನು ನಿಮಿಷದಲ್ಲಿ ನಡೆಸಿಕೊಡುತ್ತಾಳೆ ಎಂದು ಪ್ರತೀತಿ. ಅತ್ತೆ ಓರಗಿತ್ತಿಯ ಕೈ ಹಿಡಿದು ಮುಂದೆ ನಿಲ್ಲಿಸಿ, ಕಣ್ಣುಮುಚ್ಚಿ ಬಹಳ ಹೊತ್ತು ಬೇಡಿಕೊಂಡರು. ಹೆಣ್ಣುದೇವರ ಮುಂದೆ ನಿಂತು ಹೆಣ್ಣು ಬೇಡ ಎಂದು ಬೇಡಿಕೊಳ್ಳುವುದು ನನಗೆ ಯಾಕೋ ಸರಿಕಾಣಲಿಲ್ಲ. ಆದರೆ ಇಪ್ಪತ್ತು ವರ್ಷದ ಹಿಂದೆ ಅದೇ ಮೆಟ್ಟಿಲ ಮೇಲೆ ಅದೇ ಹರಕೆ ಹೊತ್ತು ನಿಂತವಳು ನಾನೂ ಹೌದು. ಮಗಳು ಹುಟ್ಟಿದಾಗ ನಮ್ಮ ಬೀದಿಗೆ ಸಕ್ಕರೆ ಹಂಚಿದೆವು. ಮಗ ಹುಟ್ಟಿದಾಗ ಮೈಸೂರುಪಾಕು. ಆ ಸಂಗತಿ ಮಗಳಿಗೆ ಯಾರೋ ಹೇಳಿ, "ನಾನು ಬರೀ ಸಕ್ಕರೇನಾ ಅಮ್ಮ?" ಎಂದು ಅವಳು ಕೇಳಿದ ದಿನ ನನಗೆ ಉತ್ತರ ಹೊಳೆಯಲಿಲ್ಲ.

ಪೂಜೆ ಮುಗಿಸಿ ನೀರಿನ ಬಳಿ ಕೂತಾಗ ಅತ್ತೆ ಹೇಳಿದರು: "ಗಂಡು ಬೇಕು ಅನ್ನೋದು ನಾವು ಮಾಡ್ಕಂಡಿದ್ದಲ್ಲ ಕಣವ್ವ. ಹಿರೀಕರಿಂದ ರಕ್ತದಲ್ಲೇ ಬಂದದ್ದು. ಬಿಳೀ ಜನಕ್ಕೆ ಇದೆಲ್ಲ ಇಲ್ಲ, ಅವರ ರಕ್ತವೇ ಬೇರೆ."

ನಾದಿನಿಯ ಮಗ ನಕ್ಕುಬಿಟ್ಟ. "ಅಜ್ಜಿ, ನೀನು ಹೇಳಿದ ಮಾತನ್ನೇ ಅಲ್ಲೂ ಓದಿದವರು ಹೇಳ್ತಾರೆ. ತಮ್ಮ ನಾಡಿನಲ್ಲಿ ಹೆಂಗಸರಿಗೆ ಸಿಕ್ಕ ಸ್ಥಾನ ಐದು ಸಾವಿರ ವರ್ಷದ ಹಿಂದಿನ ಪೂರ್ವಿಕರಿಂದ ಬಂದದ್ದು ಅಂತ ಒಂದು ವಾದ ಇದೆ" ಎಂದ. ಆಗಿನಿಂದ ಮಾರನೆಯ ದಿನದವರೆಗೂ ನಮ್ಮ ಪ್ರಯಾಣದ ತುಂಬ ಇದೇ ಮಾತು.

ಶ್ರೀರಂಗಪಟ್ಟಣದ ಕೋಟೆಯೊಳಗೆ ಟಿಪ್ಪುವಿನ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಅದೇ ಊರಿನ ಇಬ್ಬರು ಹೆಂಗಸರನ್ನು ನಾವು ನೆನೆಯುವುದು ಕಡಿಮೆ. ಒಬ್ಬಳು ಸಂಚಿಯ ಹೊನ್ನಮ್ಮ. 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಅಡಿಕೆಯ ಸಂಚಿ ಹಿಡಿಯುವ ಊಳಿಗದವಳು. ಅವಳು 'ಹದಿಬದೆಯ ಧರ್ಮ' ಎಂಬ ಕಾವ್ಯವನ್ನೇ ಬರೆದಳು. ಗಂಡನ ಮನೆಯಲ್ಲಿ ಹೆಂಡತಿ ಹೇಗಿರಬೇಕೆಂದು ಹೇಳುವ ಪುಸ್ತಕ ಅದು. ಆದರೆ ಅದರ ನಡುವೆಯೇ ಆಕೆ, ಹೆತ್ತು ಹೊರೆದು ಸಾಕಿದವಳು ಹೆಣ್ಣಾಗಿರುವಾಗ ಹೆಣ್ಣೆಂದರೆ ಮೂಗು ಮುರಿಯುವುದು ಯಾವ ನ್ಯಾಯ ಎಂಬ ಅರ್ಥದಲ್ಲಿ ಜನರನ್ನು ಗದರಿಸಿದ್ದಾಳೆ. ಇನ್ನೊಬ್ಬಳು ರಾಣಿ ಲಕ್ಷ್ಮಮ್ಮಣ್ಣಿ. ಇಮ್ಮಡಿ ಕೃಷ್ಣರಾಜ ಒಡೆಯರು 1766ರಲ್ಲಿ ತೀರಿಕೊಂಡ ಮೇಲೆ, ಕೈತಪ್ಪಿದ ರಾಜ್ಯವನ್ನು ಮನೆತನಕ್ಕೆ ಮರಳಿ ತರಲು ವರ್ಷಾನುಗಟ್ಟಲೆ ಇಂಗ್ಲಿಷರೊಡನೆ ಗುಟ್ಟಾಗಿ ಪತ್ರ ನಡೆಸಿದ ವಿಧವೆ. 1799ರಲ್ಲಿ ಐದು ವರ್ಷದ ಹುಡುಗನನ್ನು ಸಿಂಹಾಸನದ ಮೇಲೆ ಕೂರಿಸುವವರೆಗೂ ಆಕೆ ಬಿಡಲಿಲ್ಲ. ಒಡೆಯರ 'ವಂಶ' ಉಳಿದದ್ದು ಒಬ್ಬ ಹೆಂಗಸಿನ ಹಟದಿಂದ.

ಹಿರಿಯರ ರಕ್ತ ಎಂದರೆ ಇವರದೂ ಸೇರಿ ತಾನೇ?

ಕುಂತಿಬೆಟ್ಟದ ತಪ್ಪಲು

ಶ್ರೀರಂಗಪಟ್ಟಣದಿಂದ ಪಾಂಡವಪುರ ಹತ್ತಿರ. ಬಸ್ಸಿನ ಕಿಟಕಿಯಾಚೆ ನಾಲೆ, ಕಬ್ಬು, ಭತ್ತದ ಗದ್ದೆ. 1911ರಲ್ಲಿ ಕಟ್ಟಲು ತೊಡಗಿ 1931ರ ಹೊತ್ತಿಗೆ ಮುಗಿದ ಕನ್ನಂಬಾಡಿ ಕಟ್ಟೆಯ ನೀರು ಈ ಸೀಮೆಯನ್ನೇ ಬೇರೆ ಮಾಡಿಬಿಟ್ಟಿದೆ. ಪಾಂಡವಪುರಕ್ಕೆ ಹಿಂದೆ ಹಿರೋಡೆ ಎಂದಿತ್ತು. ಹೈದರ್, ಟಿಪ್ಪು ಕಾಲದಲ್ಲಿ ಅವರ ಫ್ರೆಂಚ್ ಸಿಪಾಯಿಗಳು ಇಲ್ಲಿ ಬೀಡುಬಿಟ್ಟಿದ್ದರಿಂದ ಇಂಗ್ಲಿಷರು ಫ್ರೆಂಚ್ ರಾಕ್ಸ್ ಎಂದು ಕರೆದರು. ಊರಿನ ಪಕ್ಕದಲ್ಲೇ ಕುಂತಿಬೆಟ್ಟ. ವನವಾಸದಲ್ಲಿ ಪಾಂಡವರು ತಾಯಿಯೊಡನೆ ಇಲ್ಲಿದ್ದರೆಂದು ಸ್ಥಳಪುರಾಣ. ಬಸುರಿಯನ್ನು ಕರೆದುಕೊಂಡು ಬೆಟ್ಟ ಹತ್ತುವಂತಿರಲಿಲ್ಲ. ಕೆಳಗಿನಿಂದಲೇ ಕೈ ಮುಗಿದೆವು.

"ಗಂಡುಮಕ್ಳು ಹುಟ್ಟಿದ್ದಕ್ಕೇ ಅಲ್ವಾ ಕುಂತಿ ಹೆಸರು ಉಳಿದದ್ದು?" ಎಂದರು ಅತ್ತೆ.

ಮಾತು ನಿಜ. ಆದರೆ ಉಳಿದದ್ದು ಯಾರ ಹೆಸರು? ಅರ್ಜುನನನ್ನು ಕೌಂತೇಯ ಅನ್ನುತ್ತೇವೆ, ಪಾರ್ಥ ಅನ್ನುತ್ತೇವೆ. ಕುಂತಿಗೆ ಹುಟ್ಟಿನ ಹೆಸರು ಪೃಥೆ. ಎರಡೂ ತಾಯಿಯಿಂದ ಬಂದ ಹೆಸರುಗಳೇ. ಕಥೆಯ ಮಾತು ಬಿಡಿ, ನಮ್ಮ ಕರ್ನಾಟಕವನ್ನಾಳಿದ ಕದಂಬರು, ಬಾದಾಮಿ ಚಾಲುಕ್ಯರು ತಮ್ಮ ಶಾಸನಗಳಲ್ಲಿ ಹಾರೀತಿಪುತ್ರರು ಎಂದು ಹೇಳಿಕೊಂಡಿದ್ದಾರೆ. ಅವರಿಗೂ ಹಿಂದೆ ಶಾತವಾಹನರಲ್ಲಿ ಗೌತಮೀಪುತ್ರ ಎಂಬ ದೊರೆ ಇದ್ದ. ತುಳುನಾಡಿನಲ್ಲಿ ಅಳಿಯಸಂತಾನ ಕಟ್ಟಿನಲ್ಲಿ ಮನೆತನ ನಡೆದದ್ದೇ ಹೆಣ್ಣಿನ ಕಡೆಯಿಂದ. ಹಳೆಯದರಲ್ಲಿ ಎಲ್ಲವೂ ಇದೆ. ನಮಗೆ ಬೇಕಾದ್ದನ್ನು ಆರಿಸಿ ತೆಗೆದು, ಅದನ್ನೇ 'ಹಿರಿಯರಿಂದ ಬಂದದ್ದು' ಎನ್ನುತ್ತೇವೆ ಅಷ್ಟೆ.

ಮೇಲುಕೋಟೆಯ ಪುಳಿಯೋಗರೆ, ಯೂರೋಪಿನ ಮಾತು

ಮಧ್ಯಾಹ್ನದ ಹೊತ್ತಿಗೆ ಮೇಲುಕೋಟೆ. ಇದೂ ಪಾಂಡವಪುರ ತಾಲ್ಲೂಕೇ. ಚೆಲುವನಾರಾಯಣನ ದರ್ಶನ ಮಾಡಿ, ಕಲ್ಯಾಣಿಯ ಮೆಟ್ಟಿಲ ಮೇಲೆ ನೆರಳು ನೋಡಿ ಕೂತೆವು. ಮೇಲುಕೋಟೆಯಲ್ಲಿ ಪುಳಿಯೋಗರೆ ತಿನ್ನದೆ ಬಂದರೆ ಹೋದಂತೆಯೇ ಅಲ್ಲ. ಇಲ್ಲಿನದು ಕಪ್ಪಗೆ, ಎಳ್ಳು ಮೆಣಸಿನ ಘಮದ್ದು. ದಾರಿಗೆ ಕಟ್ಟಿಕೊಳ್ಳುವವರು ಹುಣಸೆಗೊಜ್ಜು ಎಣ್ಣೆ ಬಿಡುವವರೆಗೆ ಕುದಿಸಿ, ಅನ್ನವನ್ನು ಪೂರ್ತಿ ಆರಿಸಿ ಕಲಸಿ. ಎರಡು ಹೊತ್ತಿಗೂ ಕೆಡುವುದಿಲ್ಲ.

ಅತ್ತೆಗೆ ನಾನು ಹೇಳಿದೆ: "ಈ ಊರಲ್ಲಿ 1948ರಲ್ಲಿ ಒಂದು ಹೆಣ್ಣುಮಗು ಹುಟ್ಟಿತು. ಅದೇ ಬೆಳೆದು 1991ರಲ್ಲಿ ತಮಿಳುನಾಡಿನ ಮುಖ್ಯಮಂತ್ರಿ ಆಯಿತು. ಜಯಲಲಿತಾ." ಅತ್ತೆ "ಇಲ್ಲೇನಾ ಹುಟ್ಟಿದ್ದು?" ಎಂದು ಸುತ್ತ ಒಮ್ಮೆ ನೋಡಿದರು.

ಊಟವಾದ ಮೇಲೆ ಹುಡುಗ ಯೂರೋಪಿನ ವಿಷಯ ಬಿಡಿಸಿ ಹೇಳಿದ. ನನಗೆ ತಿಳಿದಷ್ಟನ್ನು ನಿಮಗೆ ಹೇಳುತ್ತೇನೆ. ಲಿಥುವೇನಿಯದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಮರಿಯಾ ಗಿಂಬುಟಾಸ್ ಎಂಬ ವಿದುಷಿ ಇದ್ದರು. ಯೂರೋಪಿನ ಮೊದಲ ಬೇಸಾಯಗಾರರು ದೇವಿಯರನ್ನು ಪೂಜಿಸುತ್ತ ಶಾಂತಿಯಿಂದಿದ್ದರು, ಆಮೇಲೆ ಪೂರ್ವದ ಹುಲ್ಲುಗಾವಲಿನಿಂದ ಕುದುರೆ ಏರಿ ಬಂದ ಜನ ಗಂಡಸರ ದೊರೆತನ ತಂದರು ಎಂದು ಅವರ ವಾದ. 2015ರಲ್ಲಿ ಹಳೆಯ ಮೂಳೆಗಳ ಡಿ.ಎನ್.ಎ. ಪರೀಕ್ಷೆ ಮಾಡಿದಾಗ ಸುಮಾರು ಐದು ಸಾವಿರ ವರ್ಷದ ಹಿಂದೆ ಹುಲ್ಲುಗಾವಲಿನ ಜನ ದೊಡ್ಡ ಸಂಖ್ಯೆಯಲ್ಲಿ ಬಂದದ್ದಂತೂ ನಿಜ ಎಂದು ಗೊತ್ತಾಯಿತು. ಆದರೆ ಆ ಜನ ಮನೆಯಲ್ಲಿ ಹೆಂಡತಿ ಮಕ್ಕಳನ್ನು ಹೇಗೆ ನೋಡುತ್ತಿದ್ದರು ಎಂದು ಮೂಳೆ ಹೇಳುವುದಿಲ್ಲವಲ್ಲ?

ಮೂಳೆಯ ವಿಷಯದಲ್ಲಿ ಅವನು ಹೇಳಿದ ಇನ್ನೊಂದು ಕಥೆ ನನಗೆ ಬಹಳ ಹಿಡಿಸಿತು. ಸ್ವೀಡನ್ನಿನ ಬಿರ್ಕಾ ಎಂಬಲ್ಲಿ 1878ರಲ್ಲಿ ಒಂದು ಸಮಾಧಿ ಅಗೆದರು. ಕತ್ತಿ, ಬಾಣ, ಗುರಾಣಿ, ಎರಡು ಕುದುರೆ ಎಲ್ಲ ಸಿಕ್ಕಿತು. ಯಾರೋ ದೊಡ್ಡ ವೀರನದೆಂದು ಬರೆದಿಟ್ಟರು. 2017ರಲ್ಲಿ ಡಿ.ಎನ್.ಎ. ನೋಡಿದರೆ ಅದು ಹೆಂಗಸಿನ ದೇಹ! ನೂರಮೂವತ್ತೊಂಬತ್ತು ವರ್ಷ ಅವಳನ್ನು ಗಂಡಸೆಂದೇ ಲೆಕ್ಕ ಹಾಕಿದ್ದರು. ಕತ್ತಿ ಕಂಡರೆ ಗಂಡು, ಮಣಿಸರ ಕಂಡರೆ ಹೆಣ್ಣು ಎಂಬುದು ಅಗೆದವರ ತಲೆಯಲ್ಲಿ ಇದ್ದದ್ದು, ಸಮಾಧಿಯಲ್ಲಿ ಅಲ್ಲ.

"ಸರಿ ಕಣ್ಲಾ, ಆದ್ರೂ ಅವರು ಮುಂದುವರಿದೋರಲ್ವಾ?" ಎಂದರು ಅತ್ತೆ.

"ಅಜ್ಜಿ, ಸ್ವಿಟ್ಜರ್ಲೆಂಡಿನಲ್ಲಿ ಹೆಂಗಸರಿಗೆ ದೇಶದ ಚುನಾವಣೇಲಿ ಓಟು ಸಿಕ್ಕಿದ್ದು 1971ರಲ್ಲಿ. ನಮ್ಮಲ್ಲಿ ಇಂದಿರಾ ಗಾಂಧಿ ಪ್ರಧಾನಿಯಾಗಿ ಐದು ವರ್ಷ ಆಗಿತ್ತು" ಎಂದ. "ಅದೇ ಯೂರೋಪಿನ ಫಿನ್ಲೆಂಡಿನಲ್ಲಿ 1906ರಲ್ಲೇ ಸಿಕ್ಕಿತ್ತು. ನಾನಿರೋ ಜರ್ಮನೀನೇ ನೋಡು. ಒಂದೇ ಜನ, ಒಂದೇ ಭಾಷೆ, ಒಂದೇ ಪೂರ್ವಿಕರು. 1949ರಿಂದ 1990ರವರೆಗೆ ಎರಡು ದೇಶ ಆಗಿತ್ತು. ಪೂರ್ವದ ಕಡೆ ಊರೂರಿಗೆ ಶಿಶುವಿಹಾರ ತೆರೆದು ತಾಯಂದಿರನ್ನು ಕೆಲಸಕ್ಕೆ ಕರೆದರು. ಪಶ್ಚಿಮದ ಕಡೆ 1977ರವರೆಗೂ ಕಾನೂನಿನಲ್ಲೇ ಇತ್ತು, ಮನೆಗೆಲಸಕ್ಕೆ ತೊಂದರೆ ಆಗದಿದ್ದರೆ ಮಾತ್ರ ಹೆಂಡತಿ ಹೊರಗೆ ದುಡೀಬಹುದು ಅಂತ. ಮಗು ಬಿಟ್ಟು ಕೆಲಸಕ್ಕೆ ಹೋಗೋಳನ್ನ ಕಾಗೆತಾಯಿ ಅಂತ ಬಯ್ಯೋ ಮಾತು ಆ ಭಾಷೇಲಿದೆ. ಎರಡೂ ಒಂದಾಗಿ ಇಷ್ಟು ವರ್ಷ ಆದ್ರೂ ಲೈಪ್ಜಿಗ್ ಕಡೆಯೋರಿಗೆ ತಾಯಿ ಕೆಲಸಕ್ಕೆ ಹೋಗೋದು ಸಹಜ, ಪಶ್ಚಿಮದ ಕಡೆಯೋರು ಇನ್ನೂ ಸ್ವಲ್ಪ ಹಿಂದೆಮುಂದೆ ನೋಡ್ತಾರೆ. ರಕ್ತ ಬೇರೆ ಆಯ್ತಾ?"

ಅತ್ತೆ ಉತ್ತರ ಕೊಡಲಿಲ್ಲ. ಎಲೆ ಮಡಿಚಿ ಎದ್ದರು.

ಆಲೆಮನೆಯ ಹೊಗೆ

ಸಂಜೆ ಕೆ.ಆರ್. ಪೇಟೆ ಕಡೆಗೆ ಬಸ್ಸು ಹೊರಟಿತು. ದಾರಿಯಲ್ಲಿ ಒಂದು ಆಲೆಮನೆಯ ಹೊಗೆ, ಬೆಲ್ಲದ ಪಾಕದ ವಾಸನೆ ಕಿಟಕಿಯೊಳಕ್ಕೆ ಬಂತು. ನಮ್ಮ ಜಿಲ್ಲೆಯವರಿಗೆ ಆ ವಾಸನೆ ಎಂದರೆ ಬಾಲ್ಯ. ಬಿಸಿ ಬೆಲ್ಲವನ್ನು ಕಬ್ಬಿನ ಜಲ್ಲೆಗೆ ಸವರಿ ಕೊಡುತ್ತಿದ್ದರು. ನನಗೆ ಮಾತ್ರ ಆ ದಿನ ಹೊಟ್ಟೆಯಲ್ಲಿ ತಳಮಳವಾಯಿತು.

ಯಾಕೆಂದು ನಿಮಗೂ ಗೊತ್ತಿರಬಹುದು. 2023ರ ಕೊನೆಯಲ್ಲಿ ಬೆಂಗಳೂರು ಪೊಲೀಸರು ಹಿಡಿದ ಜಾಲವೊಂದು ಮಂಡ್ಯ ಜಿಲ್ಲೆಯ ಒಂದು ಆಲೆಮನೆಯಲ್ಲೇ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಬಸುರಿಯರ ಹೊಟ್ಟೆ ನೋಡಿ ಹೇಳುತ್ತಿತ್ತು. ಹೆಣ್ಣೆಂದು ತಿಳಿದ ಮೇಲೆ ಮುಂದಿನದು ಬೇರೆ ಕಡೆ. 2024ರ ಮೇ ತಿಂಗಳಲ್ಲಿ ಪಾಂಡವಪುರದಲ್ಲೂ ಹೆಣ್ಣುಭ್ರೂಣ ಹತ್ಯೆಯ ಪ್ರಕರಣ ಹೊರಬಿತ್ತು. ಬೆಲ್ಲ ಕಾಯಿಸುವ ಜಾಗ ನಮ್ಮ ಪಾಲಿಗೆ ಹಾಗೆ ಕಹಿಯಾಯಿತು.

ಇಲ್ಲೇ ನನಗೆ ಒಂದು ಲೆಕ್ಕ ಹೊಳೆದದ್ದು. ದೇಶದಲ್ಲಿ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ 1991ರ ಜನಗಣತಿಯಲ್ಲಿ 945 ಹೆಣ್ಣುಮಕ್ಕಳಿದ್ದರು. 2001ರಲ್ಲಿ 927ಕ್ಕೆ ಇಳಿಯಿತು. 2011ರಲ್ಲಿ ಇನ್ನೂ ಕೆಳಗೆ. ಸಾವಿರಾರು ವರ್ಷದಿಂದ ಹರಿದು ಬಂದ ರಕ್ತ ಹತ್ತು ವರ್ಷದಲ್ಲಿ ಬದಲಾಯಿತೇ? ಇಲ್ಲ. ಆ ಹತ್ತು ವರ್ಷದಲ್ಲಿ ಊರೂರಿಗೆ ಬಂದದ್ದು ಯಂತ್ರ. ಅದರ ಜೊತೆಗೆ ವರದಕ್ಷಿಣೆಯ ಹೆದರಿಕೆ. ಹಿರಿಯರ ಹೆಸರು ಹೇಳಿ ನಾವು ಮಾಡುತ್ತಿರುವುದು ಹಿರಿಯರು ಕನಸಿನಲ್ಲೂ ಕಾಣದ ಕೆಲಸ.

ತವರಿನ ಜಗಲಿಯ ಮೇಲೆ

ಕೆ.ಆರ್. ಪೇಟೆಗೆ ಹಿಂದೆ ಅತ್ತಿಕುಪ್ಪೆ ಎಂದು ಹೆಸರಿತ್ತು. ಅಲ್ಲಿಂದ ಮುಂದೆ ಕಿಕ್ಕೇರಿ ಕಡೆ ನನ್ನ ತವರು. ಅಮ್ಮ ರಾಗಿಮುದ್ದೆ, ಅವರೆಕಾಳು ಸಾರು ಮಾಡಿ ಕಾದಿದ್ದಳು. ಅಣ್ಣ ಹೈಸ್ಕೂಲು ಮಾಸ್ತರಾಗಿ ನಿವೃತ್ತಿಯಾದವನು. ಊಟವಾಗಿ ಜಗಲಿಯ ಮೇಲೆ ಎಲೆಅಡಿಕೆಗೆ ಕೂತಾಗ ಮಾತು ಮತ್ತೆ ಅಲ್ಲಿಗೇ ಬಂತು.

ಅಮ್ಮ ಹೇಳಿದಳು: "ನಮ್ಮವ್ವನ ಮದುವೇಲಿ ಗಂಡಿನ ಕಡೆಯೋರೇ ತೆರ ಕೊಟ್ಟು, ಸೀರೆ ಕುಪ್ಪಸ ತಂದು, ಹೆಣ್ಣು ಕೇಳ್ಕೊಂಡು ಬಂದಿದ್ರು. ನನ್ನ ಮದುವೇಲಿ ತೆರ ಹೆಸರಿಗೆ ಮಾತ್ರ ಇತ್ತು. ಇವಳ ಮದುವೇಲಿ..." ಎಂದು ನನ್ನ ಕಡೆ ನೋಡಿ ಸುಮ್ಮನಾದಳು. ನನ್ನ ಮದುವೆ 1999ರಲ್ಲಿ. ಅಪ್ಪ ನಾಲೆ ಪಕ್ಕದ ಹತ್ತು ಗುಂಟೆ ಮಾರಿ ಚಿನ್ನ, ಸ್ಕೂಟರು ಕೊಟ್ಟಿದ್ದರು. ಅದನ್ನು ತೆಗೆದುಕೊಂಡ ಮನೆಯವರು ಅಲ್ಲೇ ಕೂತಿದ್ದರು. ಅತ್ತೆ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಲಿಲ್ಲ, ತಲೆ ಎತ್ತಲೂ ಇಲ್ಲ.

ಹಾಗೆಂದು ಅಜ್ಜಿಯ ಕಾಲ ಹೆಂಗಸರಿಗೆ ಸ್ವರ್ಗವಾಗಿತ್ತು ಎಂದು ನಾನು ಹೇಳುವುದಿಲ್ಲ. ಅಜ್ಜಿ ಕೊನೆಗೆ ಉಣ್ಣುತ್ತಿದ್ದಳು. ನೇಗಿಲು ಮುಟ್ಟಬಾರದು ಎನ್ನುತ್ತಿದ್ದರು. ಆದರೆ ನಾಟಿ, ಕಳೆ, ಕುಯ್ಲು ಅವಳ ಕೈಯಲ್ಲಿದ್ದವು. ಅವಳು ಹೊರೆಯಾಗಿರಲಿಲ್ಲ, ಕೇಳಿಕೊಂಡು ಹೋಗುವ ಆಳಾಗಿದ್ದಳು. ಮೂರು ತಲೆಮಾರಿನಲ್ಲಿ ಕೊಡುವ ಕೈ ತೆಗೆದುಕೊಳ್ಳುವ ಕೈ ಆಯಿತು, ತೆಗೆದುಕೊಳ್ಳುವ ಕೈ ಕೊಡುವ ಕೈ ಆಯಿತು. ಇದನ್ನು ಪುರಾತನ ಪದ್ಧತಿ ಎನ್ನುವುದು ಹೇಗೆ?

ಅಣ್ಣ ಆಗ ಸ್ಕಾರ್ಲೆಟ್ ಎಪ್‌ಸ್ಟೀನ್ ಅವರ ವಿಷಯ ಹೇಳಿದ. ವಿಯೆನ್ನಾದಲ್ಲಿ ಹುಟ್ಟಿದ ಯಹೂದಿ ಹೆಣ್ಣುಮಗಳು, ಹಿಟ್ಲರನ ಕಾಟಕ್ಕೆ ಊರು ಬಿಟ್ಟು ಇಂಗ್ಲೆಂಡು ಸೇರಿದವರು. 1954ರಲ್ಲಿ ಮಂಡ್ಯಕ್ಕೆ ಬಂದು ಹತ್ತಿರದ ಎರಡು ಹಳ್ಳಿಗಳನ್ನು 1956ರವರೆಗೆ ಅಭ್ಯಾಸ ಮಾಡಿದರು. ಪುಸ್ತಕದಲ್ಲಿ ಅವುಗಳಿಗೆ ವಂಗಲ, ದಲೇನ ಎಂದು ಬೇರೆ ಹೆಸರು ಕೊಟ್ಟಿದ್ದಾರೆ. ಎರಡು ಊರಿನಲ್ಲೂ ಅದೇ ಒಕ್ಕಲು ಜನ, ಅದೇ ಹಬ್ಬ ಹರಿದಿನ. ಒಂದಕ್ಕೆ ನಾಲೆ ನೀರು ಹರಿಯಿತು, ಇನ್ನೊಂದು ಎತ್ತರದಲ್ಲಿದ್ದುದರಿಂದ ಹರಿಯಲಿಲ್ಲ. ನೀರು ಬಂದ ಊರು ಬೇಸಾಯಕ್ಕೇ ಅಂಟಿಕೊಂಡು ಹಳೆಯ ಕಟ್ಟಳೆ ಉಳಿಸಿಕೊಂಡಿತು. ನೀರು ಬಾರದ ಊರಿನವರು ಕೆಲಸ, ವ್ಯಾಪಾರ ಎಂದು ಮಂಡ್ಯಕ್ಕೆ ನಡೆದರು, ಹಳೆಯ ಕಟ್ಟುಗಳೂ ಅಲ್ಲಿ ಬೇಗ ಸಡಿಲಾದವು. 1970ರಲ್ಲಿ ಆಕೆ ಮತ್ತೆ ಬಂದಾಗ ತೆರದ ಜಾಗಕ್ಕೆ ವರದಕ್ಷಿಣೆ ಕಾಲಿಡುತ್ತಿತ್ತು.

"ನಮ್ಮ ಜರ್ಮನಿ ಕಥೆ ಇಲ್ಲೇ ಮಂಡ್ಯದಲ್ಲೂ ಆಗಿದೆಯಲ್ಲ ಮಾವ!" ಎಂದ ಹುಡುಗ.

ಅಣ್ಣ ಮಾಸ್ತರನಲ್ಲವೇ, ಎರಡು ಕಡೆಯನ್ನೂ ಹೇಳಿದ. ಬಹಳ ಹಿಂದೆ ನೇಗಿಲಿನಿಂದ ಉತ್ತ ನಾಡುಗಳಲ್ಲಿ ಗಂಡಸಿಗೆ ಹೊಲ, ಹೆಂಗಸಿಗೆ ಮನೆ ಎಂಬ ಭಾವನೆ ಬೆಳೆಯಿತೆಂದು ಡೆನ್ಮಾರ್ಕಿನ ಎಸ್ತರ್ ಬೋಸೆರುಪ್ 1970ರಲ್ಲಿ ಬರೆದರು. ನೇಗಿಲು ಹಿಡಿದ ಹಿರಿಯರ ಮೊಮ್ಮಕ್ಕಳಲ್ಲಿ ಆ ಭಾವನೆಯ ಎಳೆ ಇನ್ನೂ ಕಾಣುತ್ತದೆ ಎಂದು 2013ರಲ್ಲಿ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿ ತೋರಿಸಿದರು. ಅಂದರೆ ಹಿರಿಯರ ನೆರಳು ಇದ್ದೇ ಇದೆ. ಆದರೆ ಅದು ಬರುವುದು ರಕ್ತದಲ್ಲಲ್ಲ. ನಾವು ಹೇಳುವ ಮಾತಿನಲ್ಲಿ, ಬಡಿಸುವ ತಟ್ಟೆಯಲ್ಲಿ, ಸಕ್ಕರೆ ಮೈಸೂರುಪಾಕಿನಲ್ಲಿ ಬರುತ್ತದೆ. ಕೈಯಿಂದ ಕೈಗೆ ಬಂದದ್ದನ್ನು ಕೈಯಿಂದಲೇ ಬಿಡಬಹುದು.

ಕಿಕ್ಕೇರಿಯಲ್ಲಿ ಅಜ್ಜಿಯ ಎಳೆ

ಬೆಳಿಗ್ಗೆ ಕಿಕ್ಕೇರಿಗೆ ಹೋದೆವು. 'ಮೈಸೂರು ಮಲ್ಲಿಗೆ'ಯ ಕೆ.ಎಸ್. ನರಸಿಂಹಸ್ವಾಮಿ 1915ರಲ್ಲಿ ಹುಟ್ಟಿದ ಊರು. ಹೆಂಡತಿಯ ಮೇಲಿನ ಪ್ರೀತಿಯನ್ನು ನಾಚಿಕೆಯಿಲ್ಲದೆ ಹಾಡಿ, ನಮ್ಮ ತಾಯಂದಿರ ಕಾಲದ ಹೆಂಗಸರ ಮನಸ್ಸು ಗೆದ್ದವರು. ಕೆರೆಯ ಕಡೆ ಬ್ರಹ್ಮೇಶ್ವರ ದೇವಾಲಯವಿದೆ. ಹೊಯ್ಸಳರ ಒಂದನೇ ನರಸಿಂಹನ ಕಾಲದ್ದು. ಇದನ್ನು 1171ರಲ್ಲಿ ಕಟ್ಟಿಸಿದವಳು ಬಮ್ಮವೆ ನಾಯಕಿತಿ ಎಂಬ ಹೆಂಗಸು. ಒಳಗಿನ ಕಂಬಗಳ ಮೇಲಿನ ಮದನಿಕೆಯರನ್ನು ನೋಡಲೆಂದೇ ಒಮ್ಮೆ ಹೋಗಿ ಬನ್ನಿ. ಎಂಟುನೂರೈವತ್ತು ವರ್ಷದಿಂದ ಆಕೆಯ ಹೆಸರು ನಿಂತಿದೆ. ಆಕೆಗೆ ಗಂಡುಮಕ್ಕಳಿದ್ದರೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ.

ಅಲ್ಲಿನ ಜಗಲಿಯ ಮೇಲೆ ಕೂತು ಓರಗಿತ್ತಿ ಮೊದಲ ಸಲ ಬಾಯಿ ಬಿಟ್ಟಳು. "ಎಲ್ರೂ ನನ್ನ ಹೊಟ್ಟೇನೇ ಬಯ್ತಾರೆ" ಎಂದಳು.

ಹುಡುಗ ಅಜ್ಜಿಯ ಪಕ್ಕ ಕೂತ. "ಅಜ್ಜಿ, ಗಂಡೋ ಹೆಣ್ಣೋ ಅಂತ ತೀರ್ಮಾನ ಆಗೋದು ತಂದೆ ಕಡೆಯಿಂದ ಬರೋ ಕಣದಲ್ಲಿ. ಚಿಕ್ಕತ್ತೆ ಕೈಯಲ್ಲಿ ಏನೂ ಇಲ್ಲ. ಇದನ್ನ 1905ರಲ್ಲಿ ಕಂಡುಹಿಡಿದೋಳು ಅಮೆರಿಕದ ನೆಟ್ಟಿ ಸ್ಟೀವನ್ಸ್, ಒಬ್ಬ ಬಡಗಿ ಮಗಳು" ಎಂದ. ಆಮೇಲೆ ಸ್ವಲ್ಪ ತಡೆದು ಹೇಳಿದ: "ಇನ್ನೊಂದು ವಿಷಯ ಇದೆ. ಪೂರ್ವಿಕರನ್ನ ಹುಡುಕೋ ವಿಜ್ಞಾನಿಗಳು ತಾಯಿ ಕಡೆಯಿಂದ ಮಾತ್ರ ಬರೋ ಒಂದು ಎಳೆ ಹಿಡಿದು ಹಿಂದಕ್ಕೆ ಹೋಗ್ತಾರೆ. ಅದು ತಾಯಿಯಿಂದ ಎಲ್ಲಾ ಮಕ್ಕಳಿಗೂ ಬರುತ್ತೆ, ಆದರೆ ಮುಂದಕ್ಕೆ ಕೊಡೋಳು ಮಗಳು ಮಾತ್ರ. ನಿನ್ನವ್ವನಿಂದ ನಿನಗೆ ಬಂತು, ನಿನ್ನಿಂದ ನಮ್ಮಮ್ಮನಿಗೆ, ನಮ್ಮಮ್ಮನಿಂದ ನನಗೆ. ನನಗೆ ಅಕ್ಕತಂಗಿ ಇಲ್ಲ. ನಿನ್ನ ಎಳೆ ನನ್ನಲ್ಲಿಗೆ ಮುಗೀತು."

"ಅಂದ್ರೆ ನಮ್ಮವ್ವಂದು?" ಎಂದರು ಅತ್ತೆ.

"ನಿನ್ನ ಕಡೆಯಿಂದ ಅಷ್ಟೆ ಅಜ್ಜಿ. ಗಂಡುಮಕ್ಕಳು ಅದನ್ನ ಇಟ್ಕೊಳ್ತಾರೆ, ಕೊಡೋಕಾಗಲ್ಲ."

ಅತ್ತೆಯ ತಾಯಿ ಅವರಿಗೆ ಹನ್ನೆರಡು ವರ್ಷವಿದ್ದಾಗ ಹೆರಿಗೆಯಲ್ಲಿ ತೀರಿಕೊಂಡವರು. ಒಂದು ಫೋಟೋ ಕೂಡ ಇಲ್ಲ. ಅತ್ತೆ ಮೊಮ್ಮಗನ ಕೈಯನ್ನು ತಮ್ಮ ಕೈಯಲ್ಲಿಟ್ಟುಕೊಂಡು, ಅದರಲ್ಲಿ ಏನೋ ಹುಡುಕುವವರಂತೆ ಬಹಳ ಹೊತ್ತು ನೋಡಿದರು.

ನಾಗಮಂಗಲದ ಬಸ್ ನಿಲ್ದಾಣ

ಕಿಕ್ಕೇರಿಯಿಂದ ನಾಗಮಂಗಲದ ಕಡೆ ಬರುವಾಗ ನೆಲದ ಬಣ್ಣವೇ ಬದಲಾಗುತ್ತದೆ. ಹೆಚ್ಚಿನ ಕಡೆ ಮಳೆ ನಂಬಿದ ಹೊಲ, ರಾಗಿ, ಹುರುಳಿ. ಸೌಮ್ಯಕೇಶವನ ಗುಡಿ ನೋಡಿಕೊಂಡೆವು. ನಾಗಮಂಗಲ ಹಿಂದಿನಿಂದಲೂ ಲೋಹದ ಕೆಲಸಕ್ಕೆ ಹೆಸರಾದ ಊರು. ಓರಗಿತ್ತಿಗೆ ಒಂದು ಪುಟ್ಟ ಹಿತ್ತಾಳೆ ದೀಪ ಕೊಡಿಸಿದೆ.

ಈ ತಾಲ್ಲೂಕಿನ ಆದಿಚುಂಚನಗಿರಿಯಲ್ಲಿ 2022ರ ನವೆಂಬರಿನಲ್ಲಿ ವಧೂವರರ ಸಮಾವೇಶ ನಡೆದಿತ್ತು. ಸುಮಾರು 250 ಹೆಣ್ಣುಗಳಿಗೆ ಹತ್ತು ಸಾವಿರಕ್ಕೂ ಮೀರಿ ಗಂಡುಗಳು ಎಂದು ಪತ್ರಿಕೆಗಳಲ್ಲಿ ಬಂತು. 2023ರ ಫೆಬ್ರವರಿಯಲ್ಲಿ ನಮ್ಮ ಜಿಲ್ಲೆಯ ಮದುವೆಯಾಗದ ಹುಡುಗರು ಹೆಣ್ಣು ಸಿಗಲೆಂದು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು. ಓದಿದ ಹುಡುಗಿಯರು ಬೇಸಾಯದ ಮನೆ ಒಲ್ಲೆ ಎನ್ನುವುದೂ ಇದಕ್ಕೆ ಕಾರಣ, ಒಪ್ಪುತ್ತೇನೆ. ಆದರೆ ಹುಟ್ಟಲು ಬಿಡದ ಹೆಣ್ಣುಮಕ್ಕಳೂ ಆ ಸಾಲಿನಲ್ಲಿ ಇರಬೇಕಿತ್ತಲ್ಲವೇ? ಮಗ ಬೇಕೆಂದು ಹರಕೆ ಹೊತ್ತ ತಾಯಂದಿರೇ ಈಗ ಸೊಸೆ ಸಿಗಲೆಂದು ಹರಕೆ ಹೊರುತ್ತಿದ್ದಾರೆ.

ಮಂಡ್ಯದ ಬಸ್ಸು ಕಾಯುತ್ತ ನಿಂತಾಗ ಅತ್ತೆಯ ಫೋನು ಬಡಿಯಿತು. ಆ ನೆಂಟರದೇ. ಅತ್ತೆ ಗಟ್ಟಿಯಾಗಿಯೇ ಹೇಳಿದರು: "ಬ್ಯಾಡ ಕಣಪ್ಪ. ನಮ್ಮನೇಲಿ ಯಾರ ಹೊಟ್ಟೇನೂ ನೋಡ್ಸಾದಿಲ್ಲ. ಇನ್ನು ಈ ವಿಷ್ಯಕ್ಕೆ ಫೋನ್ ಮಾಡ್ಬ್ಯಾಡ." ಅಷ್ಟು ಹೇಳಿ, ನಮ್ಮ ಮುಖ ನೋಡದೆ, ಕಡಲೆಕಾಯಿ ಮಾರುವವನ ಬಳಿಗೆ ಹೋದರು. ಓರಗಿತ್ತಿ ನನ್ನ ಭುಜಕ್ಕೆ ಒರಗಿ ಅತ್ತಳು.

ಸೋದರಿಯರೇ, ತಿಳಿದಿರಲಿ ಎಂದು ಬರೆಯುತ್ತೇನೆ. 1994ರ ಕಾಯಿದೆಯ ಪ್ರಕಾರ ಗರ್ಭದಲ್ಲಿರುವುದು ಗಂಡೋ ಹೆಣ್ಣೋ ಎಂದು ಕೇಳುವುದೂ ಅಪರಾಧ, ಹೇಳುವುದೂ ಅಪರಾಧ. ಮೂರು ವರ್ಷದವರೆಗೆ ಸೆರೆ, ಕೇಳಿಸಿದವರಿಗೆ 50 ಸಾವಿರ ರೂಪಾಯಿವರೆಗೆ ದಂಡ. ಬಸುರಿಯನ್ನು ಗಂಡನೋ ಮನೆಯವರೋ ಬಲವಂತ ಮಾಡಿದ್ದಾರೆ ಎಂದೇ ಕಾನೂನು ಮೊದಲು ಭಾವಿಸುತ್ತದೆ. ಇನ್ನು ಆಸ್ತಿಯ ಮಾತು. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲೆಂದು ನಮ್ಮ ರಾಜ್ಯದಲ್ಲಿ 1994ರಲ್ಲೂ ದೇಶಕ್ಕೆಲ್ಲ 2005ರಲ್ಲೂ ಕಾನೂನಾಯಿತು. ಆ ಹಕ್ಕು ಹುಟ್ಟಿನಿಂದಲೇ ಬರುವುದೆಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ವಂಶವೆಂದರೆ ಗಂಡೇ ಎಂದು ಕಾನೂನು ಕೂಡ ಈಗ ಹೇಳುವುದಿಲ್ಲ.

ಜೂನ್ ತಿಂಗಳಲ್ಲಿ ಓರಗಿತ್ತಿಗೆ ಹೆರಿಗೆಯಾಯಿತು. ಹೆಣ್ಣುಮಗು. ನಮ್ಮತ್ತೆ ಒಂದೇ ದಿನದಲ್ಲಿ ಬದಲಾಗಿಬಿಟ್ಟರು ಎಂದರೆ ಸುಳ್ಳಾಗುತ್ತದೆ. ಎರಡು ದಿನ ಅವರು ಯಾರ ಜೊತೆಗೂ ಹೆಚ್ಚು ಮಾತಾಡಲಿಲ್ಲ. ಮೂರನೆಯ ದಿನ ತಾವೇ ಅಂಟಿನುಂಡೆ ಕಟ್ಟಿದರು, ಬಚ್ಚಲಲ್ಲಿ ಕಾಲು ಚಾಚಿ ಕೂತು ಮಗುವಿಗೆ ಎಣ್ಣೆ ತೀಡಿ ನೀರು ಹಾಕಿದರು. "ಮೂಗು ನೋಡೇ, ನಮ್ಮವ್ವಂದು ಹಿಂಗೇ ಇತ್ತು" ಎಂದರು. ಗಂಡುಮಕ್ಕಳು ಎಳೆ ಮುಂದಕ್ಕೆ ಕೊಡುವುದಿಲ್ಲ ಎಂದು ಹುಡುಗ ಹೇಳಿದ್ದು ನನಗೆ ನೆನಪಾಯಿತು, ಆದರೂ ನಾನು ಬಾಯಿ ಬಿಡಲಿಲ್ಲ. ಮೂಗು ಯಾವ ದಾರಿಯಿಂದಲಾದರೂ ಬಂದಿರಲಿ.

ಆ ಸಂಜೆ ನಾನು ಒಲೆಯ ಮುಂದೆ ನಿಂತು ಮೈಸೂರುಪಾಕು ಮಾಡಿದೆ. ಹಂಚಲು ನನ್ನ ಮಗಳನ್ನೇ ಬೀದಿಗೆ ಕಳಿಸಿದೆ. ಮೊದಲ ತುಂಡು ಅವಳ ಬಾಯಿಗೇ ಹಾಕಿದೆ, ಇಪ್ಪತ್ತು ವರ್ಷ ತಡವಾಗಿ.